ಸ್ಟೈನ್‌ಬೆಕ್‌ನ ಯಾವ ಕಾದಂಬರಿಯನ್ನು ಮೊದಲು ಕೈಗೆತ್ತಿಕೊಳ್ಳಬೇಕು?

ಕ್ಯಾಂಡಿ ಎಂಬ ಮುದುಕ ದುಡಿಯುತ್ತಿರುವಾಗಲೇ ಒಂದು ಕೈ ಕಳೆದುಕೊಂಡಿದ್ದಾನೆ. ಆ ಕೈಗೆ ಪರಿಹಾರವಾಗಿ ಸಿಕ್ಕಿದ್ದು 250 ಡಾಲರ್. ಅದರ ಮೇಲೆ ಅವನು ಹೇಗೋ ಉಳಿಸಿಕೊಂಡದ್ದು 50. ಕೂಲಿಯಾಳುಗಳು ಮಲಗುವ ಉದ್ದನೆಯ ಕೊಠಡಿಯಲ್ಲಿ, ಪಕ್ಕದ ಇಬ್ಬರು ಹತ್ತು ಎಕರೆಯ ಒಂದು ತುಂಡು ನೆಲದ ಬಗ್ಗೆ ಮಾತಾಡಿಕೊಳ್ಳುವುದು ಅವನ ಕಿವಿಗೆ ಬೀಳುತ್ತದೆ. ಬೆಲೆ 600 ಡಾಲರ್. ನನ್ನ ದುಡ್ಡನ್ನೂ ಸೇರಿಸಿಕೊಳ್ಳುತ್ತೀರಾ, ಅಡುಗೆ ಮಾಡುತ್ತೇನೆ, ಕೋಳಿ ನೋಡಿಕೊಳ್ಳುತ್ತೇನೆ ಎಂದು ಅವನು ಅಂಗಲಾಚುತ್ತಾನೆ. ಅಲ್ಲಿಯವರೆಗೆ ಬರೀ ಜೋಗುಳದಂತಿದ್ದ ಮಾತು ಆ ಕ್ಷಣ ಲೆಕ್ಕಾಚಾರವಾಗುತ್ತದೆ. ಮೂವರೂ ಉಸಿರು ಬಿಗಿಹಿಡಿದು ಒಬ್ಬರನ್ನೊಬ್ಬರು ನೋಡುತ್ತಾರೆ. ಒಂದು ತಿಂಗಳು ಮೈಮುರಿದು ದುಡಿದರೆ ಸಾಕು, ನೆಲ ತಮ್ಮದೇ.

ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯ ಈ ಭಾಗವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಪ್ರತಿ ಸಲವೂ ಆ 250 ಡಾಲರ್ ಬಳಿ ಬಂದು ನಿಲ್ಲುತ್ತೇನೆ. ಕತ್ತರಿಸಿಹೋದ ಕೈಯ ಬೆಲೆಯಿಂದ ಒಬ್ಬ ಮನುಷ್ಯ ತನ್ನ ಮುಪ್ಪಿಗೆ ಮನೆ ಕೊಳ್ಳಲು ಹೊರಟಿದ್ದಾನೆ. ಸ್ಟೈನ್‌ಬೆಕ್ ಇದಕ್ಕೆ ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ. ಅಂಕಿಯನ್ನು ಹೇಳಿ ಮುಂದೆ ಹೋಗುತ್ತಾನೆ.

‘ಸ್ಟೈನ್‌ಬೆಕ್ ಓದಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಪುಟಗಳ ಲೆಕ್ಕದ್ದು: ಚಿಕ್ಕದರಿಂದ ಆರಂಭಿಸಿ, ದೊಡ್ಡದಕ್ಕೆ ಹೋಗಿ. ಈ ಉತ್ತರ ನನಗೆ ಸಾಲದು. ಕಷ್ಟ ಮತ್ತು ಕೈಗೂಡದ ಕನಸು ಅವನ ಎಲ್ಲ ಮುಖ್ಯ ಕಾದಂಬರಿಗಳಲ್ಲೂ ಇವೆ. ಆದರೆ ಕನಸನ್ನು ಮುರಿಯುವ ಕೈ ಒಂದೊಂದರಲ್ಲೂ ಬೇರೆ. ಒಂದರಲ್ಲಿ ಯಾರೂ ಬೇಕೆಂದು ಮುರಿಯುವುದಿಲ್ಲ, ಆದರೂ ಮುರಿಯುತ್ತದೆ. ಇನ್ನೊಂದರಲ್ಲಿ ಒಂದು ಇಡೀ ವ್ಯವಸ್ಥೆ ಮುರಿಯುತ್ತದೆ. ಮತ್ತೊಂದರಲ್ಲಿ ಕನಸೇ ಕನಸುಗಾರನನ್ನು ತಿನ್ನುತ್ತದೆ. ಕೊನೆಯದರಲ್ಲಿ ಮುರಿಯುವವನು ಅಪ್ಪ. ನಿಮ್ಮನ್ನು ಕಾಡುವ ಪ್ರಶ್ನೆ ಇವುಗಳಲ್ಲಿ ಯಾವುದೋ ಅದರ ಪುಸ್ತಕದಿಂದ ಆರಂಭಿಸಿ ಎನ್ನುವುದು ನನ್ನ ಸಲಹೆ. ಆ ಆಯ್ಕೆಗೆ ನೆರವಾಗಲೆಂದು ಈ ಬರಹ. ಕತೆಗಳ ಕೊನೆಯನ್ನು ಆದಷ್ಟು ಬಿಟ್ಟುಕೊಡುವುದಿಲ್ಲ.

ಮೊದಲು ಲೇಖಕನ ಬಗ್ಗೆ ಎರಡು ಮಾತು. ಸ್ಟೈನ್‌ಬೆಕ್ ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯಾದ ಸಲಿನಾಸ್ ಎಂಬ ಊರಿನಲ್ಲಿ. ತಾಯಿ ಶಾಲೆಯ ಶಿಕ್ಷಕಿಯಾಗಿದ್ದವರು, ತಂದೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದ, ಖಜಾಂಚಿಯಾದವರು. ಹುಡುಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿ, ಬಿಟ್ಟು, ಮತ್ತೆ ಸೇರಿ, ಪದವಿಯಿಲ್ಲದೆ ಹೊರಬಂದ. ನಡುವಿನ ವರ್ಷಗಳಲ್ಲಿ ಸಕ್ಕರೆ ಕಂಪನಿಯ ಬೀಟ್ ಹೊಲಗಳಲ್ಲಿ ಅಲೆಮಾರಿ ಕೂಲಿಗಳ ಜೊತೆ ದುಡಿದ. ಅವನ ಬರವಣಿಗೆಯಲ್ಲಿ ಕೂಲಿಯ ದರ, ಪೆಟ್ಟಿಗೆಯ ಲೆಕ್ಕ, ಅಂಗಡಿಯ ಸಾಲ ಇಷ್ಟು ನಿಖರವಾಗಿ ಬರುವುದಕ್ಕೆ ಆ ದಿನಗಳೇ ಮೂಲ. 1962ರಲ್ಲಿ ನೊಬೆಲ್ ಬಂತು. 1968ರಲ್ಲಿ ತೀರಿಕೊಂಡ.

ಯಾರೂ ಮುರಿಯದೆ ಮುರಿದದ್ದು: ‘ಆಫ್ ಮೈಸ್ ಅಂಡ್ ಮೆನ್’ (1937)

ನೂರು ಪುಟದ ಆಸುಪಾಸಿನ ಕತೆ. ಸೋಲೆಡಾಡ್ ಎಂಬ ಊರಿನ ಬಳಿಯ ರ‍್ಯಾಂಚ್. ಗುರುವಾರ ಸಂಜೆ ಆರಂಭವಾಗಿ ಭಾನುವಾರ ಮುಗಿದುಹೋಗುತ್ತದೆ. ಹತ್ತು ಎಕರೆಯ ಮಾತಾಡುತ್ತಿದ್ದ ಆ ಇಬ್ಬರಲ್ಲಿ ಜಾರ್ಜ್ ಚುರುಕಿನ ಸಣ್ಣಾಳು. ಲೆನ್ನಿ ಬೆಟ್ಟದಂಥ ಮೈಯ, ಮಗುವಿನ ಬುದ್ಧಿಯ ಮನುಷ್ಯ. ಮೆತ್ತನೆಯದೇನು ಸಿಕ್ಕರೂ ಲೆನ್ನಿಗೆ ಸವರಬೇಕು. ತನ್ನ ಕೈಯ ಬಲ ಅವನಿಗೆ ಗೊತ್ತಿಲ್ಲ. ಮೊದಲ ಅಧ್ಯಾಯದಲ್ಲೇ ಅವನ ಜೇಬಿನಲ್ಲಿ ಸತ್ತ ಇಲಿಯೊಂದು ಇದೆ. ಓದುಗನಿಗೆ ಅಪಾಯದ ವಾಸನೆ ಅಲ್ಲಿಂದಲೇ ಬಡಿಯುತ್ತದೆ.

ಪುಸ್ತಕದ ಹೆಸರು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ಪದ್ಯದಿಂದ ಬಂದದ್ದು. ಉಳುವಾಗ ಇಲಿಯ ಗೂಡನ್ನು ನೇಗಿಲಿನಿಂದ ಕೆಡವಿಬಿಟ್ಟ ರೈತ ಆ ಇಲಿಯ ಮುಂದೆ ನಿಂತು ಆಡುವ ಮಾತು ಅದು. ಗೂಡು ಕೆಡವಬೇಕೆಂಬ ಉದ್ದೇಶ ರೈತನಿಗೆ ಇರಲಿಲ್ಲ. ಸ್ಟೈನ್‌ಬೆಕ್ ಮೊದಲು ಇಟ್ಟುಕೊಂಡಿದ್ದ ಹೆಸರೂ ಇದೇ ದಾರಿಯದು, ‘ನಡೆದುಹೋದ ಒಂದು ಸಂಗತಿ’ ಎಂಬ ಅರ್ಥದ್ದು. ತಪ್ಪು ಯಾರದು ಎಂದು ಹುಡುಕುತ್ತ ಹೋದರೆ ಇಲ್ಲಿ ಕೈಗೆ ಯಾರೂ ಸಿಗುವುದಿಲ್ಲ. ಜಮೀನಿನ ಒಡೆಯನ ಮಗ, ಸಿಡುಕಿನ ಕರ್ಲಿ ಇದ್ದಾನೆ, ನಿಜ. ಆದರೆ ಅವನಿಲ್ಲದಿದ್ದರೂ ಆ ಹತ್ತು ಎಕರೆ ಇವರಿಗೆ ದಕ್ಕುತ್ತಿತ್ತೆ ಎಂದು ನನಗೆ ಅನುಮಾನ.

ಈ ಅನುಮಾನವನ್ನು ಪುಸ್ತಕದೊಳಗೆ ಬಾಯಿಬಿಟ್ಟು ಹೇಳುವವನು ಕ್ರುಕ್ಸ್, ಕುದುರೆಲಾಯದ ಕರಿಯ ಕೆಲಸಗಾರ. ಬಣ್ಣದ ಕಾರಣಕ್ಕೆ ಅವನಿಗೆ ಉಳಿದವರ ಕೊಠಡಿಗೆ ಪ್ರವೇಶವಿಲ್ಲ. ಬೆನ್ನ ಮೇಲೆ ಗಂಟು, ತಲೆಯಲ್ಲಿ ಇದೇ ನೆಲದ ಕನಸು ಹೊತ್ತು ಬಂದ ನೂರಾರು ಜನರನ್ನು ನೋಡಿದ್ದೇನೆ, ಒಬ್ಬನಿಗೂ ಸಿಕ್ಕಿದ್ದು ಕಾಣೆ ಎನ್ನುತ್ತಾನೆ. ಅಷ್ಟು ಹೇಳಿದವನೇ ಕೆಲವು ನಿಮಿಷಗಳಲ್ಲಿ ತಾನೂ ಬಂದು ಅಲ್ಲಿ ಬಿಟ್ಟಿ ದುಡಿಯಬಹುದೇ ಎಂದು ಕೇಳುತ್ತಾನೆ. ನಂಬದವನನ್ನೂ ಕನಸು ಹೀಗೆ ಒಮ್ಮೆ ಎಳೆದುಕೊಳ್ಳುತ್ತದೆ. ಆಮೇಲೆ ಕರ್ಲಿಯ ಹೆಂಡತಿ ಒಳಗೆ ಬಂದು ಒಂದೇ ಬೆದರಿಕೆಯಲ್ಲಿ ಅವನು ಎಲ್ಲಿ ನಿಲ್ಲಬೇಕೆಂದು ನೆನಪಿಸುತ್ತಾಳೆ. ಅವನು ತನ್ನ ಕೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ನೋಯಿಸುವ ಪುಟ ಇದು.

ಆ ಹೆಂಡತಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಅವಳಿಗೂ ಸಿನಿಮಾ ನಟಿಯಾಗುವ ಕನಸಿತ್ತು. ಬರಬೇಕಿದ್ದ ಪತ್ರ ಬರಲಿಲ್ಲ. ಹೆಸರಿಲ್ಲದಿರುವುದು ಲೇಖಕನ ಕೌಶಲ ಎನ್ನುವವರಿದ್ದಾರೆ. ನನಗದು ಪುಸ್ತಕದ ಕೊರತೆಯಾಗಿಯೇ ಕಾಣುತ್ತದೆ. ಬಹಳ ಹೊತ್ತು ಅವಳನ್ನು ಗಂಡಸರ ಕಣ್ಣಿನಿಂದ, ಒಂದು ಕಾಟವೆಂಬಂತೆ ಮಾತ್ರ ತೋರಿಸಿ, ಕೊನೆಗೆ ಒಂದು ಸಂಭಾಷಣೆಯಲ್ಲಿ ಅವಳ ಒಳಗನ್ನು ತೆರೆಯುವುದು ತಡವಾಯಿತು.

ಇದನ್ನು ನಾಟಕದಂತೆ ಬರೆದದ್ದು ಉದ್ದೇಶಪೂರ್ವಕವಾಗಿ: ಪ್ರತಿ ಅಧ್ಯಾಯವೂ ಒಂದೇ ಸ್ಥಳ, ಆಮೇಲೆ ಮಾತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ರಂಗಕ್ಕೂ ಏರಿತು. ಮೊದಲ ಕರಡಿನ ಅರ್ಧದಷ್ಟನ್ನು ಅವನ ನಾಯಿಮರಿ ಹರಿದುಹಾಕಿತ್ತು, ಎರಡು ತಿಂಗಳ ಕೆಲಸ ಮತ್ತೆ ಮಾಡಬೇಕಾಯಿತು. ಮಾತುಗಳಲ್ಲಿ ಆ ಕಾಲದ ಕೂಲಿಗಳ ಆಡುನುಡಿ ತುಂಬಿರುವುದರಿಂದ ಇಂಗ್ಲಿಷ್ ಮೊದಲ ಹತ್ತು ಪುಟ ತೊಡಕಾಗಬಹುದು. ಗಟ್ಟಿಯಾಗಿ ಓದಿಕೊಳ್ಳಿ, ಕಿವಿ ಬೇಗ ಹಿಡಿಯುತ್ತದೆ.

ಗೆಳೆತನ ಮತ್ತು ಒಂಟಿತನ ನಿಮ್ಮನ್ನು ಕಾಡುತ್ತಿದ್ದರೆ, ಒಂದೇ ಸಲ ಕೂತು ಓದಿ ಮುಗಿಸುವ ಏಟು ಬೇಕಾದರೆ, ಇದು. ಕಷ್ಟಕ್ಕೆ ಕಾರಣವೇನು ಎಂಬುದು ನಿಮ್ಮ ಪ್ರಶ್ನೆಯಾದರೆ ಇದು ನಿಮ್ಮನ್ನು ಅರ್ಧದಾರಿಯಲ್ಲಿ ಬಿಡುತ್ತದೆ.

ಲೆಕ್ಕ ಹಾಕಿ ಮುರಿದದ್ದು: ‘ದ ಗ್ರೇಪ್ಸ್ ಆಫ್ ರಾತ್’ (1939)

ಆ ಉಳಿದರ್ಧ ದಾರಿ ಇಲ್ಲಿದೆ. ಒಂದೇ ಒಂದು ಪುಸ್ತಕ ಓದುತ್ತೇನೆ ಎನ್ನುವವರಿಗೆ ನಾನು ಹಿಂಜರಿಯದೆ ಕೊಡುವುದು ಇದನ್ನೇ, ಐನೂರು ಪುಟಗಳ ಹತ್ತಿರವಿದ್ದರೂ.

ಓಕ್ಲಹೋಮದ ಸಾಲಿಸಾ ಬಳಿಯ ಜೋಡ್ ಕುಟುಂಬ ಗೇಣಿದಾರರದು. ಮಳೆ ಹೋಯಿತು, ಹತ್ತಿ ನೆಲವನ್ನು ಹೀರಿತು, ಸಾಲ ಬೆಳೆಯಿತು. ಹನ್ನೆರಡು ಗೇಣಿ ಕುಟುಂಬಗಳ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಸಾಕು ಎಂದು ಬ್ಯಾಂಕ್ ಲೆಕ್ಕ ಹಾಕಿತು. ಐದನೆಯ ಅಧ್ಯಾಯದಲ್ಲಿ ಮನೆ ಕೆಡವಲು ಬಂದ ಟ್ರ್ಯಾಕ್ಟರ್ ಚಾಲಕ ಅದೇ ಊರಿನವನು, ಪರಿಚಯದವರ ಮಗ. ದಿನಕ್ಕೆ 3 ಡಾಲರ್ ಸಿಗುತ್ತದೆ, ನನಗೂ ಮಕ್ಕಳಿದ್ದಾರೆ ಎನ್ನುತ್ತಾನೆ. ಹಾಗಾದರೆ ಯಾರಿಗೆ ಗುಂಡು ಹೊಡೆಯಲಿ ಎಂದು ಗೇಣಿದಾರ ಕೇಳುತ್ತಾನೆ. ನನಗೆ ಅಪ್ಪಣೆ ಕೊಟ್ಟವನು ಬ್ಯಾಂಕಿನವನು ಎನ್ನುತ್ತಾನೆ ಚಾಲಕ. ಬ್ಯಾಂಕಿಗೆ ಅಪ್ಪಣೆ ದೇಶದ ಪೂರ್ವ ಭಾಗದಿಂದ ಬರುತ್ತದೆ. ಅಲ್ಲಿಯೂ ಮನುಷ್ಯರಿದ್ದಾರೋ ಇಲ್ಲವೋ. ಕೋವಿ ಹಿಡಿದ ರೈತನಿಗೆ ಗುರಿ ಸಿಗುವುದಿಲ್ಲ. ಸಾಲದ ನೋಟಿಸು ಬಂದ ಯಾವ ಮನೆಯವರಿಗೂ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

ಧೂಳಿನ ಬಿರುಗಾಳಿಯ ಕಾದಂಬರಿ ಎಂದು ಇದನ್ನು ಎಲ್ಲರೂ ಕರೆಯುತ್ತಾರೆ. ಆದರೆ ಸಾಲಿಸಾ ಇರುವುದು ಓಕ್ಲಹೋಮದ ಪೂರ್ವದಂಚಿನಲ್ಲಿ. 1930ರ ದಶಕದ ಭೀಕರ ಧೂಳುಗಾಳಿಯ ಕೇಂದ್ರ ಅದೇ ರಾಜ್ಯದ ಪಶ್ಚಿಮದ ತುದಿ. ಭೂಗೋಳದಲ್ಲಿ ಲೇಖಕ ಸಡಿಲ ಬಿಟ್ಟಿದ್ದಾನೆ ಎಂದು ಟೀಕಿಸಿದವರಿದ್ದಾರೆ. ಅದು ಸರಿಯೇ. ಆದರೆ ಪೂರ್ವ ಭಾಗದ ಗೇಣಿದಾರರನ್ನು ಎಬ್ಬಿಸಿದ್ದು ಧೂಳಿಗಿಂತ ಸಾಲ, ಹತ್ತಿಯ ಬೆಲೆ ಮತ್ತು ಟ್ರ್ಯಾಕ್ಟರ್. ಅದನ್ನು ಅವನು ತಪ್ಪಿಲ್ಲದೆ ಹಿಡಿದಿದ್ದಾನೆ.

ಕನಸಿನ ಬೆಲೆ ಇಲ್ಲಿಯೂ ಅಂಕಿಯಲ್ಲಿ ಬರುತ್ತದೆ. ಕುದುರೆ, ಗಾಡಿ, ನೇಗಿಲು ಎಲ್ಲ ಮಾರಿ ಜೋಡ್‌ಗಳಿಗೆ ಸಿಕ್ಕಿದ್ದು 18 ಡಾಲರ್. ಹಳೆಯ ಹಡ್ಸನ್ ಕಾರನ್ನು ಕತ್ತರಿಸಿ ಮಾಡಿದ ಲಾರಿಯಲ್ಲಿ, 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾರೆ. ಅಮ್ಮನಿಗೆ ಕಿತ್ತಳೆ ಮರಗಳ ನಡುವೆ ಒಂದು ಬಿಳಿಯ ಮನೆ ಬೇಕು. ಅಜ್ಜನಿಗೆ ದ್ರಾಕ್ಷಿಯ ಗೊಂಚಲನ್ನು ಮುಖಕ್ಕೆ ಹಿಸುಕಿಕೊಳ್ಳಬೇಕು. ಮಗ ಅಲ್‌ಗೆ ಗ್ಯಾರೇಜು. ಬಸುರಿ ಮಗಳ ಗಂಡ ಕಾನಿಗೆ ಅಂಚೆ ಪಾಠಗಳಿಂದ ರೇಡಿಯೊ ಕೆಲಸ ಕಲಿತು ಪಟ್ಟಣದಲ್ಲಿ ಅಂಗಡಿ. ಸ್ಟೈನ್‌ಬೆಕ್ ಈ ಕನಸುಗಳನ್ನು ಒಟ್ಟಿಗೆ ಒಡೆಯುವುದಿಲ್ಲ. ಒಂದೊಂದಾಗಿ, ದಾರಿಯ ಮೈಲಿಗಲ್ಲುಗಳಂತೆ, ಹಿಂದೆ ಬಿಟ್ಟು ಹೋಗುತ್ತಾನೆ. ಅಜ್ಜ ದ್ರಾಕ್ಷಿ ಕಾಣುವುದೇ ಇಲ್ಲ. ಕಾನಿ ಒಂದು ದಿನ, ಊರಲ್ಲೇ ಇದ್ದು ಟ್ರ್ಯಾಕ್ಟರ್ ಕಲಿತಿದ್ದರೆ ದಿನಕ್ಕೆ 3 ಡಾಲರ್ ಬರುತ್ತಿತ್ತು ಎಂದು ಗೊಣಗುತ್ತಾನೆ. ತಮ್ಮ ಮನೆ ಕೆಡವಿದ ಕೂಲಿಯೇ ಈಗ ಅವನಿಗೆ ಕಳೆದುಹೋದ ಭಾಗ್ಯ.

ಅವರನ್ನು ಅಷ್ಟು ದೂರ ಎಳೆದದ್ದು ಒಂದು ಕರಪತ್ರ. ಎಂಟುನೂರು ಜನ ಬೇಕಾದ ತೋಟಗಾರ ಸಾವಿರಗಟ್ಟಲೆ ಕರಪತ್ರ ಹಂಚುತ್ತಾನೆ. ಹಸಿದವರು ಹೆಚ್ಚು ಬಂದಷ್ಟೂ ಕೂಲಿ ಇಳಿಯುತ್ತದೆ. ಇದನ್ನು ರಸ್ತೆಬದಿಯಲ್ಲಿ ಎದುರಾಗುವ ಒಬ್ಬ ಹರಕುಬಟ್ಟೆಯ ಮನುಷ್ಯ ಬಿಡಿಸಿ ಹೇಳುತ್ತಾನೆ. ತನ್ನ ಮಕ್ಕಳನ್ನು ಹಸಿವಿಗೆ ಕಳೆದುಕೊಂಡು ಹಿಂತಿರುಗುತ್ತಿರುವವನು ಅವನು. ಕೇಳಿಯೂ ಇವರು ಮುಂದೆ ಹೋಗುತ್ತಾರೆ. ಹಿಂದೆ ಏನೂ ಉಳಿದಿಲ್ಲ. ಪೀಚ್ ತೋಟದಲ್ಲಿ ಪೆಟ್ಟಿಗೆಗೆ 5 ಸೆಂಟ್. ಮುಷ್ಕರ ಹೂಡಿದವರಿಗೆ ಹೇಳಿದ್ದು ಅದರರ್ಧ. ತಾವು ಮುಷ್ಕರ ಮುರಿಯಲು ಬಂದವರು ಎಂಬುದು ಜೋಡ್‌ಗಳಿಗೆ ಒಳಗೆ ಬಂದ ಮೇಲೆ ಗೊತ್ತಾಗುತ್ತದೆ.

ಅದೇ ತೋಟದ ಅಂಗಡಿಯ ಒಂದು ದೃಶ್ಯವನ್ನು ಬಿಡಲಾರೆ. ಇಡೀ ಮನೆಯವರು ದುಡಿದ ಒಂದು ಡಾಲರ್ ಚೀಟಿ ಹಿಡಿದು ಅಮ್ಮ ಸಾಮಾನು ತರಲು ಹೋಗುತ್ತಾಳೆ. ಕಂಪನಿಯ ಅಂಗಡಿ, ಬೆಲೆ ಊರಿಗಿಂತ ಜಾಸ್ತಿ. ಎಲ್ಲ ಕೊಂಡ ಮೇಲೆ ಸಕ್ಕರೆಗೆ ದುಡ್ಡಿಲ್ಲ. ಕುಹಕವಾಡುತ್ತಿದ್ದ ಗುಮಾಸ್ತ ಕೊನೆಗೆ ತನ್ನ ಜೇಬಿನಿಂದ ಹತ್ತು ಸೆಂಟ್ ತೆಗೆದು ಗಲ್ಲಾಕ್ಕೆ ಹಾಕುತ್ತಾನೆ. ಕಷ್ಟ ಬಂದಾಗ ಬಡವರ ಹತ್ತಿರವೇ ಹೋಗಬೇಕು, ನೆರವಾಗುವವರು ಅವರೇ ಎಂದು ಅಮ್ಮ ಹೇಳಿ ಹೊರಬರುತ್ತಾಳೆ. ಹೆದರಿಕೆಯ ಕೆಳಗೆ ಸಿಕ್ಕಿಕೊಂಡ ಒಬ್ಬ ಸಣ್ಣ ನೌಕರನ ಒಳ್ಳೆಯತನವನ್ನು ಹತ್ತು ಸೆಂಟಿನಲ್ಲಿ ಅಳೆದು ತೋರಿಸಿದ್ದು ನನ್ನ ಓದಿನಲ್ಲಿ ಬೇರೆಲ್ಲೂ ಹೀಗೆ ಸಿಕ್ಕಿಲ್ಲ.

ಕಾದಂಬರಿಯ ಕಟ್ಟಣೆ ತಿಳಿದಿದ್ದರೆ ಓದು ಸುಲಭ. ಒಟ್ಟು 30 ಅಧ್ಯಾಯಗಳು. ಜೋಡ್‌ಗಳ ಕತೆಯ ನಡುನಡುವೆ, ಅವರ ಹೆಸರೇ ಇಲ್ಲದ ಚಿಕ್ಕ ಅಧ್ಯಾಯಗಳು ಬರುತ್ತವೆ: ಹಳೆಯ ಕಾರು ಮಾರುವವರ ಗದ್ದಲ, ರಸ್ತೆಬದಿಯ ಹೋಟೆಲು, ಬೆಲೆ ಬೀಳದಿರಲೆಂದು ಕಿತ್ತಳೆಗೆ ಸೀಮೆಎಣ್ಣೆ ಸುರಿಯುವುದು. ಮೂರನೆಯ ಅಧ್ಯಾಯದ ತುಂಬ ಒಂದು ಆಮೆ ರಸ್ತೆ ದಾಟುತ್ತದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಆ ಆಮೆಯ ಬಳಿಯೇ ಪುಸ್ತಕ ಮುಚ್ಚಿಟ್ಟಿದ್ದೆ. ಹಲವು ವರ್ಷಗಳ ನಂತರ ತೆರೆದಾಗ ಆ ಅಧ್ಯಾಯದಲ್ಲೇ ಇಡೀ ಪ್ರಯಾಣ ಮಡಿಸಿಟ್ಟಿರುವುದು ಕಂಡಿತು. ಅಲ್ಲಿ ನಿಮಗೂ ಬೇಸರವಾದರೆ ದಾಟಿ ಮುಂದೆ ಹೋಗಿ, ಪುಸ್ತಕವನ್ನು ಮಾತ್ರ ಬಿಡಬೇಡಿ.

ಬರೆದದ್ದು 1938ರಲ್ಲಿ, ಸುಮಾರು ಐದು ತಿಂಗಳಲ್ಲಿ, ಲಾಸ್ ಗ್ಯಾಟೋಸ್ ಪಕ್ಕದ ಮನೆಯಲ್ಲಿ. ಇಂದು ಸಿಲಿಕಾನ್ ಕಣಿವೆ ಎನ್ನುವ ಪ್ರದೇಶ ಅದು. ಸಾವಿರಾರು ಕನ್ನಡಿಗರು ಈಗ ಅಲ್ಲಿ ನೆಲೆಸಿದ್ದಾರೆ. ಅದಕ್ಕೂ ಎರಡು ವರ್ಷ ಮೊದಲೇ, 1936ರಲ್ಲಿ, ವಲಸೆ ಕೂಲಿಗಳ ಬಿಡಾರಗಳನ್ನು ಸುತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗೆ ಏಳು ಲೇಖನ ಬರೆದಿದ್ದ. ಸರ್ಕಾರಿ ಶಿಬಿರದ ವ್ಯವಸ್ಥಾಪಕ ಟಾಮ್ ಕಾಲಿನ್ಸ್ ಅವನನ್ನು ಕರೆದೊಯ್ದು ತೋರಿಸಿದವನು. ಪುಸ್ತಕದ ಅರ್ಪಣೆಯಲ್ಲಿ ಅವನಿಗೂ ಪಾಲಿದೆ. ಪ್ರಕಟವಾದ ವರ್ಷವೇ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿ ತನ್ನ ಗ್ರಂಥಾಲಯ ಮತ್ತು ಶಾಲೆಗಳಲ್ಲಿ ಇದನ್ನು ನಿಷೇಧಿಸಿತು. ಜೋಡ್‌ಗಳು ಬಂದಿಳಿಯುವುದು ಅದೇ ಕೌಂಟಿಗೆ. 1940ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು.

ಈ ಪುಸ್ತಕದ ಗೆಲುವಿನ ನೆರಳಲ್ಲಿ ಮುರಿದ ಒಂದು ನಿಜವಾದ ಕನಸೂ ಇದೆ. ಸನೋರಾ ಬ್ಯಾಬ್ ಎಂಬ ಲೇಖಕಿ ಅದೇ ಶಿಬಿರಗಳಲ್ಲಿ ಕಾಲಿನ್ಸ್ ಜೊತೆ ಕೆಲಸ ಮಾಡುತ್ತ ಅದೇ ಜನರ ಬಗ್ಗೆ ಕಾದಂಬರಿ ಬರೆದಿದ್ದರು. ಸ್ಟೈನ್‌ಬೆಕ್‌ನ ಪುಸ್ತಕ ಬಂದುಬಿಟ್ಟಿತು, ಇದೇ ವಸ್ತುವಿಗೆ ಇನ್ನೊಂದಕ್ಕೆ ಜಾಗವಿಲ್ಲ ಎಂದು ಪ್ರಕಾಶಕರು ಕೈಬಿಟ್ಟರು. ಅದು ಅಚ್ಚಾದದ್ದು 2004ರಲ್ಲಿ, ‘ಹೂಸ್ ನೇಮ್ಸ್ ಆರ್ ಅನ್‌ನೋನ್’ ಎಂಬ ಹೆಸರಿನಲ್ಲಿ. ಜೋಡ್‌ಗಳನ್ನು ಓದಿದ ಮೇಲೆ ಅದನ್ನೂ ಓದಿ. ಬ್ಯಾಬ್ ಸ್ವತಃ ಆ ಒಣನೆಲದ ಮಗಳು. ಸ್ಟೈನ್‌ಬೆಕ್ ಎತ್ತರದ ದನಿಯಲ್ಲಿ ಹೇಳುವುದನ್ನು ಅವರು ಮನೆಯೊಳಗಿನ ದನಿಯಲ್ಲಿ ಹೇಳುತ್ತಾರೆ. ಇನ್ನೊಂದು ಕೊರತೆಯೂ ನೆನಪಿರಲಿ: ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಮೆಕ್ಸಿಕನ್ ಮತ್ತು ಫಿಲಿಪಿನೊ ಕೂಲಿಗಳು ಈ ಮಹಾಕಾದಂಬರಿಯಲ್ಲಿ ಬಹುತೇಕ ಕಾಣುವುದಿಲ್ಲ.

1940ರ ಸಿನಿಮಾ ಒಳ್ಳೆಯದು, ಆದರೆ ಅದನ್ನು ಆಮೇಲೆ ನೋಡಿ. ಸರ್ಕಾರಿ ಶಿಬಿರದ ನೆಮ್ಮದಿಯ ದಿನಗಳನ್ನು ಸಿನಿಮಾ ಕೊನೆಗೆ ತಳ್ಳಿ ಭರವಸೆಯಲ್ಲಿ ಮುಗಿಸುತ್ತದೆ. ಕಾದಂಬರಿಯಲ್ಲಿ ಆ ದಿನಗಳು ನಡುವೆ ಬಂದು ಹೋಗುತ್ತವೆ, ಏಕೆಂದರೆ ಶಿಬಿರದಲ್ಲಿ ಮರ್ಯಾದೆ ಇದೆ, ಬಿಸಿನೀರಿದೆ, ಸುತ್ತಮುತ್ತ ಕೆಲಸವಿಲ್ಲ. ಪುಸ್ತಕದ ಕೊನೆಯ ದೃಶ್ಯವನ್ನು ಆ ಕಾಲದ ಸಿನಿಮಾ ತೆಗೆಯಲು ಸಾಧ್ಯವೇ ಇರಲಿಲ್ಲ.

ಕೈಗೆ ಸಿಕ್ಕಿ ಮುರಿದದ್ದು: ‘ದ ಪರ್ಲ್’ (1947)

ಮೇಲಿನ ಎರಡರಲ್ಲೂ ಕನಸು ಕೈಗೆ ಸಿಗುವುದಿಲ್ಲ. ಇಲ್ಲಿ ಮೊದಲಿಗೇ ಸಿಗುತ್ತದೆ. ಮೆಕ್ಸಿಕೋದ ಲಾ ಪಾಜ್ ತೀರದ ಬೆಸ್ತ ಕಿನೊನ ಹಸುಗೂಸಿಗೆ ಚೇಳು ಕುಟುಕುತ್ತದೆ. ವೈದ್ಯನಿಗೆ ಕೊಡಲು ಅವನ ಬಳಿ ಇರುವುದು ಎಂಟು ಸೊಟ್ಟ ಮುತ್ತಿನ ಕಾಳು. ವೈದ್ಯ ಬಾಗಿಲಿನಿಂದಲೇ ಕಳಿಸುತ್ತಾನೆ. ಅದೇ ದಿನ ಸಮುದ್ರದ ತಳದಲ್ಲಿ ಅವನಿಗೆ ಜಗತ್ತಿನ ಮುತ್ತು ಸಿಗುತ್ತದೆ. ಚರ್ಚಿನಲ್ಲಿ ಮದುವೆ, ಹೊಸ ಬಟ್ಟೆ, ಒಂದು ರೈಫಲ್, ಮಗನಿಗೆ ಓದು ಎಂದು ಅವನು ಮುತ್ತಿನೊಳಗೆ ಒಂದೊಂದಾಗಿ ಕಾಣುತ್ತ ಹೋಗುತ್ತಾನೆ. ಮಗನ ಓದಿನ ಮಾತು ಬಂದಾಗ ಅವನೇ ಬೆಚ್ಚುತ್ತಾನೆ, ಅಷ್ಟು ದೊಡ್ಡದನ್ನು ಬಾಯಿಬಿಟ್ಟು ಹೇಳಿಬಿಟ್ಟೆನಲ್ಲ ಎಂದು.

ಊರಿನ ಮುತ್ತಿನ ವ್ಯಾಪಾರಿಗಳು ಬೇರೆಬೇರೆ ಅಂಗಡಿಗಳಲ್ಲಿ ಕೂತು ಪೈಪೋಟಿಯ ನಾಟಕವಾಡುತ್ತಾರೆ. ನಿಜದಲ್ಲಿ ಎಲ್ಲರೂ ಒಬ್ಬನೇ ಧಣಿಯ ಆಳುಗಳು. ಮೊದಲನೆಯವನು ಸಾವಿರ ಪೆಸೊ ಎನ್ನುತ್ತಾನೆ, ಉಳಿದವರು ಅದಕ್ಕಿಂತ ಕಡಿಮೆ ಎಂದು ನಟಿಸುತ್ತಾರೆ. ಮಾರುಕಟ್ಟೆಯಲ್ಲಿ ಕೂಡಿಕೊಂಡು ಬೆಲೆ ಇಳಿಸುವ ಈ ಆಟವನ್ನು ನಾಲ್ಕೇ ಪುಟದಲ್ಲಿ ತೋರಿಸಿರುವುದು ಪುಸ್ತಕದ ಅತ್ಯುತ್ತಮ ಭಾಗ.

ನೀತಿಕತೆಯ ಧಾಟಿ ಇದರ ಬಲ, ಮಿತಿಯೂ ಅದೇ. 1940ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ದೋಣಿಯಾನ ಮಾಡುವಾಗ ಕೇಳಿದ ಜನಪದ ಕತೆಯೊಂದನ್ನು ಬೆಳೆಸಿ ಬರೆದದ್ದು. ಕಿನೊ, ಹೆಂಡತಿ ಹುವಾನಾ ಇಬ್ಬರೂ ಹಾಡಿನಂಥ ಸರಳತೆಯಲ್ಲಿ ಉಳಿದುಬಿಡುತ್ತಾರೆ. ಜೋಡ್‌ಗಳ ಅಮ್ಮನಂತೆ ಎದುರು ಕೂತು ಮಾತಾಡುವ ಮನುಷ್ಯರಾಗುವುದಿಲ್ಲ. ಆದರೆ ಮುತ್ತು ಬೇಡವೆಂದು ಎಸೆಯಲು ಹೋದ ಹುವಾನಾಳನ್ನು ಕಿನೊ ಹೊಡೆಯುವ ಆ ಮುಂಜಾವು ಮರೆಯುವಂಥದ್ದಲ್ಲ. ಕನಸು ಅವನನ್ನು ಎಷ್ಟು ಬದಲಿಸಿದೆ ಎಂಬುದು ಅವನ ಕೈಯಲ್ಲೇ ಕಾಣುತ್ತದೆ. ಇಂಗ್ಲಿಷ್ ಓದು ಈಗಷ್ಟೇ ರೂಢಿಯಾಗುತ್ತಿರುವವರಿಗೆ, ಹೈಸ್ಕೂಲಿನ ಮಕ್ಕಳಿಗೆ ಇದಕ್ಕಿಂತ ತಿಳಿಯಾದ ಆರಂಭ ಸಿಗದು. ಅನುಭವಿ ಓದುಗರಿಗೆ ಇದೊಂದನ್ನೇ ಓದಿ ಸ್ಟೈನ್‌ಬೆಕ್ ಬಗ್ಗೆ ತೀರ್ಮಾನಕ್ಕೆ ಬರಬೇಡಿ ಎನ್ನುತ್ತೇನೆ.

ಅಪ್ಪನ ಕೈಯಲ್ಲಿ ಮುರಿದದ್ದು: ‘ಈಸ್ಟ್ ಆಫ್ ಈಡನ್’ (1952)

ಸುಮಾರು ಆರುನೂರು ಪುಟ, ಎರಡು ಕುಟುಂಬ, ಅಂತರ್ಯುದ್ಧದ ಕಾಲದಿಂದ ಮೊದಲ ಮಹಾಯುದ್ಧದವರೆಗೆ. ಲೇಖಕ ತನ್ನ ಇಬ್ಬರು ಪುಟ್ಟ ಗಂಡುಮಕ್ಕಳಿಗೆ ಸಲಿನಾಸ್ ಕಣಿವೆ ಹೇಗಿತ್ತೆಂದು ಹೇಳಲು ಹೊರಟ ಪುಸ್ತಕ ಇದು. ಇಲ್ಲಿನ ಸ್ಯಾಮ್ಯುಯೆಲ್ ಹ್ಯಾಮಿಲ್ಟನ್ ಲೇಖಕನ ಸ್ವಂತ ತಾತ. ನೀರಿಲ್ಲದ ಗುಡ್ಡದ ಜಮೀನು, ಒಂಬತ್ತು ಮಕ್ಕಳು, ತಲೆತುಂಬ ಯಂತ್ರಗಳ ಯೋಜನೆ. ಹೊಸದೇನೋ ಕಂಡುಹಿಡಿಯುತ್ತಾನೆ, ಬಂದ ಹಣವೆಲ್ಲ ಪೇಟೆಂಟಿನ ಖರ್ಚಿಗೆ ಹೋಗುತ್ತದೆ. ಊರಿಗೆಲ್ಲ ಬಾವಿ ತೋಡುವವನ ನೆಲದಲ್ಲಿ ನೀರಿಲ್ಲ. ಆದರೂ ಅವನು ಸೋತವನೆಂದು ಓದುಗನಿಗೆ ಒಮ್ಮೆಯೂ ಅನ್ನಿಸುವುದಿಲ್ಲ. ಕಷ್ಟವಿದ್ದೂ ಕುಗ್ಗದ ಮನುಷ್ಯನನ್ನು ಸ್ಟೈನ್‌ಬೆಕ್ ಇಷ್ಟು ಪ್ರೀತಿಯಿಂದ ಬೇರೆಲ್ಲೂ ಬರೆದಿಲ್ಲ.

ಇನ್ನೊಂದು ಕುಟುಂಬದ ಆಡಂ ಟ್ರಾಸ್ಕ್ ಲೆಟ್ಯೂಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿ ಹೂತು ರೈಲಿನಲ್ಲಿ ನ್ಯೂಯಾರ್ಕಿಗೆ ಕಳಿಸುತ್ತಾನೆ. ದಾರಿಯಲ್ಲಿ ತಡವಾಗಿ ಎಲ್ಲ ಕೊಳೆಯುತ್ತದೆ, ಊರು ನಗುತ್ತದೆ. ಅದೇ ಸಲಿನಾಸ್ ಮುಂದೆ ಹಾಗೆ ಮಂಜಿನಲ್ಲಿಟ್ಟ ಲೆಟ್ಯೂಸನ್ನು ದೇಶಕ್ಕೆಲ್ಲ ಕಳಿಸಿಯೇ ಸಿರಿವಂತವಾಯಿತು. ಆಡಂ ತಪ್ಪಾಗಿರಲಿಲ್ಲ, ಬೇಗ ಬಂದಿದ್ದ, ಅಷ್ಟೇ. ಅಪ್ಪನ ನಷ್ಟ ತುಂಬಲು ಮಗ ಕ್ಯಾಲ್ ಯುದ್ಧದ ಸಮಯದಲ್ಲಿ ಹುರುಳಿಕಾಯಿ ಬೀಜದ ವ್ಯಾಪಾರ ಮಾಡಿ 15,000 ಡಾಲರ್ ಗಳಿಸಿ ಹಬ್ಬದ ಊಟದಲ್ಲಿ ಉಡುಗೊರೆ ಕೊಡುತ್ತಾನೆ. ರೈತರನ್ನು ದೋಚಿದ ಹಣ, ಬೇಡ ಎನ್ನುತ್ತಾನೆ ಅಪ್ಪ. ಸಾಲದೆಂದು ಅವಳಿ ಸೋದರನ ಹೋಲಿಕೆ ಬೇರೆ.

ಕ್ಯಾಂಡಿಯ 300 ಡಾಲರ್‌ಗೂ ಕ್ಯಾಲ್‌ನ 15,000ಕ್ಕೂ ನಡುವೆ ಇರುವುದು ಹದಿನೈದು ವರ್ಷಗಳ ಬರವಣಿಗೆ. ಮೊದಲನೆಯದರಲ್ಲಿ ಹಣ ಸಾಲದು. ಇಲ್ಲಿ ಹಣ ಧಾರಾಳವಾಗಿದೆ, ಅದರಿಂದ ಕೊಳ್ಳಬೇಕಾದದ್ದು ಅಪ್ಪನ ಒಂದು ಮೆಚ್ಚುಗೆ, ಅದು ಮಾರಾಟಕ್ಕಿಲ್ಲ. ಮನೆಯಲ್ಲಿ ಒಡಹುಟ್ಟಿದವರ ಜೊತೆ ತೂಗಿಸಿಕೊಂಡು ಬೆಳೆದವರು ಆ ಪುಟಗಳನ್ನು ಸುಲಭವಾಗಿ ದಾಟಲಾರರು.

ದೇವರು ತಮ್ಮನ ಕಾಣಿಕೆ ಮೆಚ್ಚಿದ್ದಕ್ಕೆ ಅಣ್ಣ ಅವನನ್ನು ಕೊಲ್ಲುವ ಬೈಬಲಿನ ಕೇಯಿನ್–ಏಬಲ್ ಕತೆ ಇಡೀ ಕಾದಂಬರಿಯ ಬೆನ್ನೆಲುಬು. ಆ ಕತೆಯ ಒಂದು ಹೀಬ್ರೂ ಪದದ ಅರ್ಥವನ್ನು ಮನೆಯ ಚೀನೀ ಅಡುಗೆಯವ ಲೀ ಬಿಡಿಸುವ ಅಧ್ಯಾಯ ಬಹಳ ಹೆಸರಾದದ್ದು: ಪಾಪವನ್ನು ನೀನು ಗೆಲ್ಲುತ್ತೀಯೆ ಎಂಬ ಭರವಸೆಯೂ ಅಲ್ಲ, ಗೆಲ್ಲಲೇಬೇಕು ಎಂಬ ಆಜ್ಞೆಯೂ ಅಲ್ಲ, ಗೆಲ್ಲಬಹುದು ಎಂಬ ಆಯ್ಕೆ. ಆಡಂನ ಹೆಂಡತಿ ಕ್ಯಾಥಿಗೆ ಮಾತ್ರ ಈ ಆಯ್ಕೆಯನ್ನು ಲೇಖಕ ಕೊಡುವುದಿಲ್ಲ. ಅವಳನ್ನು ಹುಟ್ಟಿನಿಂದಲೇ ರಾಕ್ಷಸಿಯಾಗಿಸುತ್ತಾನೆ. ಇಷ್ಟು ದೊಡ್ಡ ಪುಸ್ತಕದ ದೊಡ್ಡ ಬಿರುಕು ಅದು. 1955ರ ಸಿನಿಮಾ ಕೊನೆಯ ಭಾಗವನ್ನಷ್ಟೇ ಹೇಳುತ್ತದೆ. ಅದನ್ನು ನೋಡಿ ಪುಸ್ತಕ ಗೊತ್ತಾಯಿತೆಂದುಕೊಂಡವರಿಗೆ ಸ್ಯಾಮ್ಯುಯೆಲ್ ತಾತ ಸಿಕ್ಕಿರುವುದಿಲ್ಲ.

ಉಳಿದವು, ಬೇಗ ಬೇಗ

‘ಇನ್ ಡೂಬಿಯಸ್ ಬ್ಯಾಟಲ್’ (1936) ಸೇಬಿನ ತೋಟದ ಮುಷ್ಕರದ ಕತೆ. ಜೋಡ್‌ಗಳ ಕತೆಯಲ್ಲಿ ಲೇಖಕ ಕೂಲಿಗಳ ಪಕ್ಕ ನಿಂತಿದ್ದಾನೆ. ಇಲ್ಲಿ ಮುಷ್ಕರದ ನಾಯಕರನ್ನೂ ಬಿಡದೆ ಪರೀಕ್ಷಿಸುತ್ತಾನೆ, ಒಬ್ಬ ಹುಡುಗನ ನಂಬಿಕೆ ಹೇಗೆ ಬಳಕೆಯ ವಸ್ತುವಾಗುತ್ತದೆ ಎಂದು. ಸಂಘಟನೆಯ ಕೆಲಸ ಮಾಡಿದವರು ಇದರಿಂದಲೇ ಆರಂಭಿಸಲಿ. ‘ದ ವಿಂಟರ್ ಆಫ್ ಅವರ್ ಡಿಸ್ಕಂಟೆಂಟ್’ (1961) ಹಸಿವಿಲ್ಲದ ಕಾಲದ ಸೋಲು: ಹಿರಿಯರ ಆಸ್ತಿ ಕರಗಿ ದಿನಸಿ ಅಂಗಡಿಯ ಗುಮಾಸ್ತನಾದ ಈಥನ್, ಮತ್ತೆ ಮೇಲೇರಲು ಪ್ರಾಮಾಣಿಕತೆಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾನೆ. ನೌಕರಿಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದವರಿಗೆ ಇದು ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. ಸಮಯವೇ ಇಲ್ಲದವರು ‘ದ ಕ್ರಿಸಾಂಥಮಮ್ಸ್’ ಎಂಬ ಸಣ್ಣಕತೆ ಓದಲಿ. ಸಲಿನಾಸ್ ಕಣಿವೆಯ ಒಬ್ಬ ಗೃಹಿಣಿ ತಾನು ಬೆಳೆದ ಸೇವಂತಿಗೆಯ ಸಸಿಗಳನ್ನು ದಾರಿಹೋಕನಿಗೆ ಕುಂಡದಲ್ಲಿಟ್ಟು ಕೊಡುತ್ತಾಳೆ. ಸಂಜೆ ಅದೇ ರಸ್ತೆಯಲ್ಲಿ ಅವಳಿಗೆ ಕಾಣುವುದೇನು ಎಂಬುದಷ್ಟೇ ಕತೆ. ಕರ್ಲಿಯ ಹೆಂಡತಿಗೆ ಸಿಗದ ನ್ಯಾಯ ಇವಳಿಗೆ ಸಿಕ್ಕಿದೆ.

ಈ ಎಲ್ಲವನ್ನೂ ಓದಿ ಎದೆ ಭಾರವಾದ ಮೇಲೆ ‘ಕ್ಯಾನರಿ ರೋ’ (1945) ತೆಗೆಯಿರಿ. ಮಾಂಟೆರೆಯ ಮೀನು ಕಾರ್ಖಾನೆಗಳ ಬೀದಿ, ಕೆಲಸವಿಲ್ಲದ ಗೆಳೆಯರು, ಅವರು ಪ್ರೀತಿಸುವ ಡಾಕ್ ಎಂಬ ಕಡಲಜೀವಿ ತಜ್ಞ. ಲೇಖಕನ ಆಪ್ತಮಿತ್ರ ಎಡ್ ರಿಕೆಟ್ಸ್ ಅವನಿಗೆ ಮಾದರಿ. ಇಲ್ಲಿಯೂ ಕನಸುಗಳು ಕೈಗೂಡುವುದಿಲ್ಲ. ತುಕ್ಕುಹಿಡಿದ ಬಾಯ್ಲರಿನೊಳಗೆ ಸಂಸಾರ ಹೂಡಿದ ಹೆಂಗಸೊಬ್ಬಳು ಕಿಟಕಿಯೇ ಇಲ್ಲದ ಆ ಮನೆಗೆ ಕಸೂತಿಯ ಪರದೆ ಬೇಕೆಂದು ಅಳುತ್ತಾಳೆ. ಡಾಕ್‌ಗಾಗಿ ಗೆಳೆಯರು ಮಾಡುವ ಮೊದಲ ಔತಣ ಅವನ ಪ್ರಯೋಗಶಾಲೆಯನ್ನೇ ಹಾಳುಮಾಡುತ್ತದೆ. ಆದರೆ ಸೋತವರು ಒಬ್ಬರನ್ನೊಬ್ಬರು ಬಿಟ್ಟುಹೋಗುವುದಿಲ್ಲ. ಮತ್ತೊಂದು ಔತಣ ನಡೆಯುತ್ತದೆ.

ಆ ಎರಡನೆಯ ಔತಣದ ರಾತ್ರಿ ಡಾಕ್ ಗಟ್ಟಿಯಾಗಿ ಓದುವ ಪದ್ಯ ಕನ್ನಡ ನಾಡಿಗೆ ಹತ್ತಿರದ್ದು. ಅದು ಸಂಸ್ಕೃತದ ‘ಚೌರಪಂಚಾಶಿಕಾ’ದ ಇಂಗ್ಲಿಷ್ ರೂಪ. ಪರಂಪರೆ ಅದನ್ನು ಬಿಲ್ಹಣನದೆಂದು ಹೇಳುತ್ತದೆ. ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದ ಹನ್ನೊಂದನೆಯ ಶತಮಾನದ ಕವಿ. ಕಳೆದುಕೊಂಡ ಪ್ರೇಯಸಿಯನ್ನು ನೆನೆಯುವ ಪದ್ಯಗಳನ್ನು ಕೇಳುತ್ತ ಆ ಬೀದಿಯ ಕುಡುಕರು, ಸೂಳೆಯರು, ನಿರುದ್ಯೋಗಿಗಳು ತಮ್ಮ ತಮ್ಮ ಕಳೆದುಹೋದದ್ದನ್ನು ನೆನೆದು ಸುಮ್ಮನಾಗುತ್ತಾರೆ. ಮರುದಿನ ಬೆಳಿಗ್ಗೆ ಡಾಕ್ ಎಂಜಲು ಲೋಟಗಳನ್ನು ತೊಳೆಯಲು ನಿಲ್ಲುತ್ತಾನೆ. ಸೋಪಿನ ನೊರೆಯಲ್ಲಿ ಕೈ ಅದ್ದಿಕೊಂಡೇ ಉಳಿದ ಸಾಲುಗಳನ್ನು ತನಗಾಗಿ ಓದಿಕೊಳ್ಳುತ್ತಾನೆ.